ಅಚ್ಚಾದ ಮೇಲೆ ಎಲ್ಲಿಗೆ? ಮೈಸೂರಿನ ಸಣ್ಣ ಪುಸ್ತಕದಂಗಡಿಗಳೂ ಕೈಯಿಂದ ಕೈಗೆ ದಾಟುವ ಪ್ರಕಟಣೆಗಳೂ

ಮೈಸೂರಿನ ಸರಸ್ವತಿಪುರಂನ ಅಡ್ಡರಸ್ತೆಯೊಂದರಲ್ಲಿ ನಾನು ಬಹುಕಾಲದಿಂದ ಹೋಗಿಬರುವ ಪುಟ್ಟ ಪುಸ್ತಕದಂಗಡಿಯೊಂದಿದೆ. ಅದರ ಗಲ್ಲಾಪೆಟ್ಟಿಗೆಯ ಕೆಳಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇರುತ್ತದೆ. ಅಂಗಡಿಯ ಬಿಲ್ಲುಗಳಿಗಾಗಲಿ, ಕಂಪ್ಯೂಟರಿನಲ್ಲಿರುವ ದಾಸ್ತಾನು ಪಟ್ಟಿಗಾಗಲಿ ಅದಕ್ಕೆ ಸಂಬಂಧವಿಲ್ಲ. ಎಡಬದಿಯಲ್ಲಿ ಪುಸ್ತಿಕೆಯ ಹೆಸರು, ನಡುವೆ ‘10 ಪ್ರತಿ’, ‘15 ಪ್ರತಿ’ ಎಂಬ ಲೆಕ್ಕ, ಬಲಬದಿಯಲ್ಲಿ ಕೊಟ್ಟುಹೋದವರ ಗುರುತು: ‘ಗಂಗೋತ್ರಿ ಹುಡುಗ, ಕನ್ನಡಕ’ (ಗಂಗೋತ್ರಿ ಎಂದರೆ ವಿಶ್ವವಿದ್ಯಾನಿಲಯದ ಆವರಣ), ‘ನಾಟಕದವರು’, ‘ಮಂಡ್ಯದ ಮೇಷ್ಟ್ರು, ಶನಿವಾರ ಬರ್ತಾರೆ’. ಮಾರಿದ ಮೇಲೆ ದುಡ್ಡು, ಮಾರದಿದ್ದರೆ ಕೊಟ್ಟವರೇ ಬಂದು ಒಯ್ಯಬೇಕು ಎಂಬುದು ಬಾಯಿಮಾತಿನ ಕರಾರು. ದುಡ್ಡು ಕೇಳಲು ಬರುವವರೇ ಕಡಿಮೆ, ಪ್ರತಿ ವಾಪಸು ಒಯ್ಯಲು ಬರುವವರು ಇನ್ನೂ ಕಡಿಮೆ. ಆ ಪುಸ್ತಿಕೆಗಳು ಕೆಎಎಸ್, ಎಫ್‌ಡಿಎ ಎಂಬ ಸರ್ಕಾರಿ ನೌಕರಿಯ ಪರೀಕ್ಷೆಗಳ ಗೈಡುಗಳ ಗೋಡೆಯ ಎದುರು, ಮಾಲೀಕರ ಮೊಣಕೈ ತಾಗುವಷ್ಟು ಹತ್ತಿರದ ಒಂದು ಗೂಡಿನಲ್ಲಿ ಬೆನ್ನು ತೋರದೆ ಮಲಗಿರುತ್ತವೆ. ಬೆನ್ನು ತೋರುವುದಕ್ಕೆ ಅವುಗಳಿಗೆ ಬೆನ್ನೇ ಇಲ್ಲ. ನಡುವೆ ಎರಡು ಪಿನ್ನು ಹೊಡೆದಿರುತ್ತಾರೆ, ಅಷ್ಟೆ.

ಇಂಥವನ್ನು ‘ಭೂಗತ ಪ್ರಕಟಣೆ’ ಎಂದು ಕರೆಯುವುದು ಈಗ ಯುವಕರಲ್ಲಿ ರೂಢಿಯಾಗುತ್ತಿದೆ. ಪದದಲ್ಲಿ ಒಂದು ರೋಮಾಂಚನವಿದೆ. ಪೊಲೀಸರ ಕಣ್ಣು ತಪ್ಪಿಸಿ ರಾತ್ರಿ ಅಚ್ಚು ಹಾಕುವ ಚಿತ್ರ ಕಣ್ಣೆದುರು ಬರುತ್ತದೆ. ಆದರೆ ಇಂದಿನ ಮೈಸೂರಿನಲ್ಲಿ ಈ ಪುಸ್ತಿಕೆಗಳು ಮರೆಯಲ್ಲಿರುವುದಕ್ಕೆ ಸರ್ಕಾರದ ಭಯಕ್ಕಿಂತ ದೊಡ್ಡ ಕಾರಣ ಪುಸ್ತಕ ವ್ಯಾಪಾರದ ಕಟ್ಟಿನಲ್ಲಿಯೇ ಇದೆ ಎಂಬುದು ನನ್ನ ತಿಳಿವಳಿಕೆ. ಈ ಊರಿನಲ್ಲಿ ಪುಸ್ತಕವನ್ನು ಅಚ್ಚು ಹಾಕಿಸುವುದು ಹಿಂದೆಂದಿಗಿಂತ ಸುಲಭವಾಗಿದೆ, ಅಚ್ಚಾದದ್ದನ್ನು ಅಪರಿಚಿತ ಓದುಗನ ಕೈಗೆ ಮುಟ್ಟಿಸುವುದು ಹಿಂದೆಂದಿಗಿಂತ ಕಷ್ಟವಾಗಿದೆ. ಈ ಎರಡರ ನಡುವಿನ ಕಂದಕದಲ್ಲಿ ಸಣ್ಣ ಪುಸ್ತಕದಂಗಡಿ ನಿಂತಿದೆ.

ಮೈಸೂರಿನ ಪುಸ್ತಕೋದ್ಯಮ ಬೆಳೆದದ್ದೇ ವಿಶ್ವವಿದ್ಯಾನಿಲಯದ ನೆರಳಿನಲ್ಲಿ. 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮುಂದೆ ಅದರ ಪ್ರಕಟಣಾ ವಿಭಾಗವಾದ ಪ್ರಸಾರಾಂಗವು ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಅವರು ವಿಜ್ಞಾನ, ಚರಿತ್ರೆ, ಆರೋಗ್ಯ, ಸಾಹಿತ್ಯಗಳ ಬಗ್ಗೆ ನೀಡಿದ ಪ್ರಚಾರೋಪನ್ಯಾಸಗಳನ್ನು ಅಗ್ಗದ ಕಿರುಹೊತ್ತಗೆಗಳಾಗಿ ಪ್ರಕಟಿಸಿತು. ಇಂದು ಪಿನ್ನು ಹೊಡೆದ ಪುಸ್ತಿಕೆಯನ್ನು ಕೀಳಾಗಿ ಕಾಣುವ ಪ್ರಾಧ್ಯಾಪಕರಿಗೆ ನೆನಪಿರಲಿ: ಕನ್ನಡದಲ್ಲಿ ಜ್ಞಾನ ಹಳ್ಳಿಗೆ ನಡೆದುಹೋದದ್ದು ಅಂಥ ಹೊತ್ತಗೆಗಳ ಕಾಲಿನಿಂದಲೇ. ಖಾಸಗಿಯಾಗಿ ಕಾವ್ಯಾಲಯ, ಶಾರದಾ ಮಂದಿರ, ಡಿ.ವಿ.ಕೆ. ಮೂರ್ತಿ, ಗೀತಾ ಬುಕ್ ಹೌಸ್ ಮುಂತಾದ ಪ್ರಕಾಶಕರ ಹೆಸರುಗಳು ನಾಡಿನ ಓದುಗರಿಗೆಲ್ಲ ಪರಿಚಿತವಾದವು. ಒಂಟಿಕೊಪ್ಪಲಿನ ಕುವೆಂಪು ಅವರ ಮನೆಯ ಹೆಸರಾದ ‘ಉದಯರವಿ’ ಒಂದು ಪ್ರಕಾಶನದ ಹೆಸರೂ ಆಯಿತು. ಪಠ್ಯಪುಸ್ತಕದ ಮಾರಾಟ ಆ ಕಾಲದ ವ್ಯಾಪಾರದ ಬೆನ್ನೆಲುಬು. ಜೂನ್ ತಿಂಗಳಲ್ಲಿ ಪಠ್ಯ ದುಡಿದದ್ದನ್ನು ವರ್ಷದ ಉಳಿದ ದಿನಗಳಲ್ಲಿ ಕವಿತೆ, ವಿಮರ್ಶೆಗಳು ಕೂತು ಉಣ್ಣುತ್ತಿದ್ದವು. ವ್ಯಾಪಾರದ ದೃಷ್ಟಿಯಿಂದ ಇದು ದಾನವೇನಲ್ಲ. ಪಠ್ಯಕ್ಕೆಂದು ಅಂಗಡಿಗೆ ಬಂದ ವಿದ್ಯಾರ್ಥಿ ಪಕ್ಕದ ಕಪಾಟಿನಲ್ಲಿದ್ದ ಕಾದಂಬರಿಯನ್ನು ತಿರುವಿಹಾಕುತ್ತಿದ್ದ, ಒಮ್ಮೊಮ್ಮೆ ಕೊಳ್ಳುತ್ತಲೂ ಇದ್ದ.

ಈ ಹೊಂದಾಣಿಕೆ ಮುರಿದುಬಿದ್ದದ್ದಕ್ಕೆ ‘ಮೊಬೈಲ್ ಬಂದು ಹುಡುಗರು ಓದುವುದನ್ನು ಬಿಟ್ಟರು’ ಎಂಬ ವಿವರಣೆಯನ್ನು ಎಲ್ಲ ವೇದಿಕೆಗಳಲ್ಲಿಯೂ ಕೇಳುತ್ತೇವೆ. ಅದು ಸುಲಭದ ವಿವರಣೆ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಒಂದು ಪುಸ್ತಕಕ್ಕೆ ನಾಲ್ಕು ತಿಂಗಳ ಆಯುಷ್ಯವೂ ಉಳಿಯಲಿಲ್ಲ. ಇಡೀ ಪುಸ್ತಕದ ಬದಲು ಎರಡು ಅಧ್ಯಾಯಗಳ ಜೆರಾಕ್ಸ್ ಸಾಕಾಯಿತು. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ದೊಡ್ಡ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ, ಬೋಧನೆಯ ಅಗತ್ಯಕ್ಕೆ ಪುಸ್ತಕದ ಭಾಗಗಳನ್ನು ಹೀಗೆ ನಕಲು ಮಾಡಿ ಕೊಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ದೆಹಲಿ ಹೈಕೋರ್ಟು 2016ರಲ್ಲಿ ತೀರ್ಪು ಕೊಟ್ಟಿತು. ಬಡ ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಅದು ನ್ಯಾಯವಾದ ತೀರ್ಪೇ. ಅಂಗಡಿಯವನ ಕಡೆಯಿಂದ ನೋಡಿದರೆ, ಅವನ ಜೂನ್ ತಿಂಗಳ ಆದಾಯ ಯಾವ ಕಡೆಗೆ ಹರಿಯುತ್ತಿದೆ ಎಂಬುದಕ್ಕೆ ಬಿದ್ದ ಅಧಿಕೃತ ಮುದ್ರೆ.

ಇದರ ಮೇಲೆ ಪಠ್ಯಕ್ರಮದ ಅಲುಗಾಟ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ರಾಜ್ಯವು 2021–22ರಲ್ಲಿ ಪದವಿ ತರಗತಿಗಳಿಗೆ ತಂದಿತು; 2024–25ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿಗಳ ಗುಣದೋಷ ಬೇರೆ ಚರ್ಚೆ. ಅಂಗಡಿಯ ಮಟ್ಟಿಗೆ ಇದರ ಅರ್ಥ, ಒಂದೊಂದು ಬದಲಾವಣೆಗೂ ಹಳೆಯ ದಾಸ್ತಾನು ರದ್ದಿಯ ತಕ್ಕಡಿಗೆ ಹತ್ತಿರವಾಯಿತು ಎಂಬುದು. ದೊಡ್ಡ ಮಳಿಗೆಗಳು ಅಂಥ ನಷ್ಟವನ್ನು ಲೇಖನಸಾಮಗ್ರಿ, ಆಟಿಕೆ, ಬ್ಯಾಗುಗಳ ಲಾಭದಲ್ಲಿ ಅರಗಿಸಿಕೊಳ್ಳಬಲ್ಲವು. ಹತ್ತಡಿ ಅಗಲದ ಅಂಗಡಿ ಅರಗಿಸಿಕೊಳ್ಳಲಾರದು; ಅದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ಶರಣಾಗುತ್ತದೆ. ಜಿಲ್ಲೆ ಜಿಲ್ಲೆಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ತಂಗಿ ಪರೀಕ್ಷೆಗಳಿಗೆ ಓದುವ ಸಾವಿರಾರು ಯುವಕರು ಇಲ್ಲಿದ್ದಾರೆ. ಇವರು ಓದುತ್ತಾರೆ, ದುಡ್ಡು ಕೊಟ್ಟೇ ಕೊಳ್ಳುತ್ತಾರೆ. ಆದುದರಿಂದ ಓದುಗರಿಲ್ಲ ಎಂಬ ಗೋಳಾಟಕ್ಕೆ ಮೈಸೂರಿನಲ್ಲಂತೂ ಆಧಾರ ಸಾಲದು.

ಸ್ಥಳದ ಪ್ರಶ್ನೆಯನ್ನು ಸಾಹಿತ್ಯದವರು ಮಾತಾಡುವುದೇ ಕಡಿಮೆ. ಚಿಕ್ಕ ಗಡಿಯಾರದ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೆಯ ಪುಸ್ತಕದ ಅಂಗಡಿಗಳಿದ್ದುದನ್ನು ಕಂಡವರಿಗೆ ಅದು ಕಟ್ಟಡವಲ್ಲ, ಅರ್ಧ ವಿದ್ಯಾಭ್ಯಾಸ. 2012ರಲ್ಲಿ ಹತ್ತೊಂಬತ್ತನೆಯ ಶತಮಾನದ ಆ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು, ಅಂಗಡಿಗಳು ಖಾಲಿಯಾದವು, ಕೆಡವಿ ಕಟ್ಟಬೇಕೋ ಇದ್ದುದನ್ನೇ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ಎಳೆದಾಡಿತು. ಪಾರಂಪರಿಕ ಕಟ್ಟಡದ ಕಂಬ, ಕಮಾನುಗಳ ಬಗ್ಗೆ ಲೇಖನಗಳು ಬಂದಷ್ಟು, ಆ ಕಮಾನುಗಳ ಕೆಳಗೆ ನಡೆಯುತ್ತಿದ್ದ ವ್ಯಾಪಾರದ ಬಗ್ಗೆ ಬರಲಿಲ್ಲ. ಹಳೆಯ ಪುಸ್ತಕದ ವ್ಯಾಪಾರ ಅಕ್ಕಪಕ್ಕದ ಅಂಗಡಿಗಳ ಗುಂಪಿನಲ್ಲಿ ಮಾತ್ರ ನಡೆಯುವಂಥದ್ದು. ಒಂದರಲ್ಲಿ ಇಲ್ಲದ್ದು ಪಕ್ಕದಲ್ಲಿ ಸಿಗುತ್ತದೆ ಎಂಬ ನಂಬಿಕೆಯೇ ಗಿರಾಕಿಯನ್ನು ಕರೆತರುತ್ತದೆ. ಚದುರಿಹೋದರೆ ಒಂದೊಂದೂ ಒಂಟಿ ಅಂಗಡಿ. ದೇವರಾಜ ಅರಸು ರಸ್ತೆಯ ಬಾಡಿಗೆಯನ್ನು ಇಪ್ಪತ್ತು ರೂಪಾಯಿಯ ಹಳೆಯ ಪುಸ್ತಕ ತೆರಲಾರದು ಎಂಬುದಕ್ಕೆ ಲೆಕ್ಕ ಹಾಕಬೇಕಾದದ್ದೇನೂ ಇಲ್ಲ.

ಹೊಸ ಪುಸ್ತಕದ ಲೆಕ್ಕವನ್ನು ಹಾಕಿಯೇ ನೋಡಬೇಕು. ಇನ್ನೂರು ರೂಪಾಯಿ ಮುಖಬೆಲೆಯ ಒಂದು ಕಥಾಸಂಕಲನವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಗಡಿಗೆ ನೂರಕ್ಕೆ ಮೂವತ್ತೈದರ ರಿಯಾಯಿತಿ ಕೊಟ್ಟರೆ ಪ್ರಕಾಶಕನಿಗೆ ಉಳಿಯುವುದು 130 ರೂಪಾಯಿ. ಲೇಖಕನಿಗೆ ಹತ್ತರಷ್ಟು ಗೌರವಧನ ನಿಜಕ್ಕೂ ಕೊಡುವ ಪುಣ್ಯಾತ್ಮನಾದರೆ 110. ಮುನ್ನೂರು ಪ್ರತಿಗಳ ಸಣ್ಣ ಮುದ್ರಣದಲ್ಲಿ ಕಾಗದ, ಅಚ್ಚು, ರಕ್ಷಾಪುಟ, ಬೈಂಡಿಂಗ್ ಸೇರಿ ಪ್ರತಿಗೆ 80 ಬಿದ್ದರೆ, ಕರಡು ತಿದ್ದುವವರ ಸಂಭಾವನೆ, ಸಾಗಣೆ, ಮಾರಾಟವಾಗದೆ ಉಳಿಯುವ ಪ್ರತಿಗಳ ನಷ್ಟ ಎಲ್ಲಕ್ಕೂ ಇರುವುದು 30 ರೂಪಾಯಿ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವೆಂಬುದು ನಿಜ. ಆದರೆ ಕಾಗದಕ್ಕಿದೆ, ಮತ್ತು ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣದಿಂದಲೇ ಕಾಗದದ ಮೇಲೆ ಕೊಟ್ಟ ತೆರಿಗೆಯನ್ನು ಪ್ರಕಾಶಕ ಹಿಂದಕ್ಕೆ ಪಡೆಯುವಂತಿಲ್ಲ. ಓದುಗ ಆನ್‌ಲೈನ್ ಮಳಿಗೆಯ ಇಪ್ಪತ್ತು ಪರ್ಸೆಂಟ್ ಸೋಡಿಯನ್ನು ಅಂಗಡಿಯಲ್ಲಿಯೂ ಕೇಳಿದಾಗ, ಅವನು ಕೇಳುತ್ತಿರುವುದು ಅಂಗಡಿಯವನ ಪಾಲಿನ ಅರ್ಧಕ್ಕಿಂತ ಹೆಚ್ಚನ್ನು.

ಅಂಚೆಯ ಕಥೆ ಇದಕ್ಕೆ ಪೂರಕ. ಸಣ್ಣ ಪ್ರಕಾಶಕರಿಗೆ ಆಸರೆಯಾಗಿದ್ದ ನೋಂದಾಯಿತ ಬುಕ್‌ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಟೀಕೆಗಳ ನಂತರ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದಿದೆ. 300 ಗ್ರಾಮಿಗೆ 20 ರೂಪಾಯಿಯಿಂದ ಐದು ಕಿಲೋಗೆ 100 ರೂಪಾಯಿಯವರೆಗೆ ದರ, ತೆರಿಗೆ ಬೇರೆ. ಒಟ್ಟು ದರ ವಿಪರೀತವೇನಲ್ಲ. ಆದರೆ ನಲವತ್ತು ರೂಪಾಯಿಯ ಪುಸ್ತಿಕೆಗೆ ಇಪ್ಪತ್ತು ರೂಪಾಯಿಯ ಅಂಚೆ ಎಂದರೆ ಬೆಲೆಯ ಅರ್ಧ. ಅದಲ್ಲದೆ ಮುದ್ರಕ ಅಥವಾ ಪ್ರಕಾಶಕರ ಹೆಸರು ಇರುವ ಪುಸ್ತಕಗಳಿಗೆ ಮಾತ್ರ ಈ ಸೌಲಭ್ಯ, ನಿಯತಕಾಲಿಕಗಳಿಗೆ ಇಲ್ಲ. ನಮ್ಮ ಗೂಡಿನಲ್ಲಿ ಮಲಗಿರುವ ಹಲವು ಪುಸ್ತಿಕೆಗಳು ಅಲ್ಲಿಗೇ ಹೊರಗುಳಿದವು.

ಇನ್ನು ಸಗಟು ಖರೀದಿ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯ್ಕೆಯಾದ ಶೀರ್ಷಿಕೆಯ ಮುನ್ನೂರರಷ್ಟು ಪ್ರತಿ ಕೊಳ್ಳುವ ಪದ್ಧತಿ ಕನ್ನಡದ ಪ್ರಕಾಶನವನ್ನು ಬದುಕಿಸಿತು. ಹಾಗೆಯೇ ಅದರ ಕಾಲನ್ನೂ ಕಟ್ಟಿಹಾಕಿತು. ಮುನ್ನೂರು ಪ್ರತಿ ಇಲಾಖೆಗೆ ಹೋಗುವುದಾದರೆ ಪ್ರಕಾಶಕನಿಗೆ ಅಂಗಡಿ ಯಾಕೆ ಬೇಕು? ಪುಸ್ತಕದ ಬೆಲೆಯನ್ನು ಪುಟದ ಲೆಕ್ಕದಲ್ಲಿ ನಿಗದಿ ಮಾಡುವುದರಿಂದ ಪುಟ ಹಿಗ್ಗುತ್ತದೆ, ಅಕ್ಷರ ಉಬ್ಬುತ್ತದೆ, ಕವಿತೆಯೊಂದು ಎರಡು ಪುಟಕ್ಕೆ ಹರಡಿಕೊಳ್ಳುತ್ತದೆ. ಹಣ ಬರುವುದು ತಡವಾದಾಗ ಪ್ರಕಾಶಕರು ಧರಣಿಯ ಮಾತಾಡುತ್ತಾರೆ, ಬಂದಾಗ ಮತ್ತೆ ಮುನ್ನೂರು ಪ್ರತಿಗಳ ಕನಸಿಗೆ ಮರಳುತ್ತಾರೆ. ಆಸ್ತಿ ತೆರಿಗೆಯ ಜೊತೆ ನಾವು ಕೊಡುವ ಗ್ರಂಥಾಲಯ ಕರದಿಂದ ನಡೆಯುವ ಈ ವ್ಯವಸ್ಥೆಯಲ್ಲಿ ಓದುಗ ಎಂಬ ಪಾತ್ರವೇ ಇಲ್ಲದಿರುವುದು ನನಗೆ ಸದಾ ಸೋಜಿಗ. ಪಠ್ಯಕ್ಕೆ ಸೇರದ, ಇಲಾಖೆಯ ಅಳತೆಗೆ ನಿಲುಕದ ಅರವತ್ತು ಪುಟದ ಪುಸ್ತಿಕೆಯನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಅದಕ್ಕೆ ದಾರಿಯೇ ಇಲ್ಲ.

ಭಯದ ಕಾಲವೂ ಇತ್ತು ಎಂಬುದನ್ನು ಮರೆಯಬಾರದು. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಆಡಳಿತ ಪತ್ರಿಕೆಗಳ ನಿಯಂತ್ರಣಕ್ಕೆ ಕಾಯಿದೆ ತಂದಾಗ, ‘ತಾತಯ್ಯ’ ಎಂದೇ ಊರಿಗೆ ಪರಿಚಿತರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಯನ್ನೇ ನಿಲ್ಲಿಸಿದರು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಎಂಬ ಮಾತು ರಾಜ್ಯವನ್ನೇ ಕದಡಿತು. ಆ ಕಾವಿನಲ್ಲಿ ರೂಪುಗೊಂಡ ದಲಿತ ತರುಣರ ಪೀಳಿಗೆಗೆ ದೊಡ್ಡ ಪತ್ರಿಕೆಗಳಲ್ಲಿ ಜಾಗವಿರಲಿಲ್ಲ. ಅವರು ತಮ್ಮದೇ ಪತ್ರಿಕೆ ‘ಪಂಚಮ’ವನ್ನು ಇದೇ ಊರಿನಿಂದ ಹೊರಡಿಸಿದರು. ಹಂಚಿಕೆಗೆ ಅವರಿಗಿದ್ದ ಏಜೆಂಟರೆಂದರೆ ಹಾಸ್ಟೆಲಿನ ಗೆಳೆಯರು. ಕನ್ನಡ ಸಾಹಿತ್ಯ ಚರಿತ್ರೆ ಈಗ ಗೌರವದಿಂದ ಉಲ್ಲೇಖಿಸುವ ಒಂದು ಅಧ್ಯಾಯ ಹಾಸ್ಟೆಲಿನ ಟ್ರಂಕುಗಳಲ್ಲಿ ಸಾಗಾಟವಾಯಿತು ಎಂದರೆ ಅತಿಶಯವಾಗದು.

ನಾನು ಗಂಗೋತ್ರಿಯಲ್ಲಿ ಓದುತ್ತಿದ್ದಾಗ ನಾವು ನಾಲ್ವರು ಸೇರಿ ಸೈಕ್ಲೋಸ್ಟೈಲ್ ಮಾಡಿದ ಪತ್ರಿಕೆಯೊಂದನ್ನು ತಂದಿದ್ದೆವು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಲೋಹದ ಕಡ್ಡಿಯಿಂದ ಬರೆಯುವಾಗ ‘ಠ’, ‘ಥ’ಗಳ ಹೊಟ್ಟೆಯೊಳಗಿನ ಚುಕ್ಕೆಯಲ್ಲಿ ಹಾಳೆ ಕಿತ್ತುಬರುತ್ತಿತ್ತು, ಆದ್ದರಿಂದ ಆ ಅಕ್ಷರಗಳಿರುವ ಪದಗಳನ್ನೇ ತಪ್ಪಿಸಿ ಸಂಪಾದಕೀಯ ಬರೆದದ್ದುಂಟು. ಮೂರನೆಯ ಸಂಚಿಕೆಗೆ ಮಸಿಯ ದುಡ್ಡು ಹೊಂದಲಿಲ್ಲ, ಪತ್ರಿಕೆ ನಿಂತಿತು. ಇಂದಿನ ಹುಡುಗರಿಗೆ ಆ ತಾಪತ್ರಯವಿಲ್ಲ. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಹಿಂದುಮುಂದಾಗುವ ಕಾಟವೊಂದನ್ನು ಬಿಟ್ಟರೆ, ಫೋನಿನಲ್ಲಿಯೇ ಪುಟ ವಿನ್ಯಾಸ ಮಾಡಿ, ಡಿಜಿಟಲ್ ಮುದ್ರಣದಲ್ಲಿ ಐವತ್ತು ಪ್ರತಿ ತೆಗೆಸಿ, ಸಂಜೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುತ್ತಾರೆ. ರಂಗಾಯಣದ ಬಹುರೂಪಿ ಉತ್ಸವದ ದಿನಗಳಲ್ಲಿ ಪುಸ್ತಕ ಮಳಿಗೆಗಳ ಸಾಲಿನಲ್ಲಿ ಕೈಚೀಲ ಹೊತ್ತು ನಿಂತವರ ಬಳಿ ಇಂಥವು ಸಿಗುತ್ತವೆ. ಕೊಳ್ಳುವವರು ಬಹುಪಾಲು ಪರಿಚಿತರೇ.

ಪುಸ್ತಿಕೆಯ ಅರ್ಥಶಾಸ್ತ್ರ ಕೈಹಿಡಿದರೆ ಏನಾಗಬಲ್ಲದು ಎಂಬುದಕ್ಕೂ ಮೈಸೂರೇ ಉದಾಹರಣೆ. 2022ರಲ್ಲಿ ದೇವನೂರ ಮಹಾದೇವ ಅವರು ಆರೆಸ್ಸೆಸ್ ಕುರಿತು ಬರೆದ ಕಿರುಹೊತ್ತಗೆಯನ್ನು ಗೌರವಧನ ಪಡೆಯದೆ ಒಂದಕ್ಕಿಂತ ಹೆಚ್ಚು ಸಣ್ಣ ಪ್ರಕಾಶನಗಳಿಗೆ ಕೊಟ್ಟರು. ಅದರ ವಾದವನ್ನು ಒಪ್ಪಿದವರೂ ಖಂಡಿಸಿದವರೂ ಬಹಳ. ಆ ವಾಗ್ವಾದ ಇಲ್ಲಿಯ ವಿಷಯವಲ್ಲ. ಪ್ರಕಾಶನದ ಕಣ್ಣಿನಿಂದ ನೋಡಿದರೆ ಅಲ್ಲಿ ನಡೆದದ್ದು ಇಷ್ಟು: ಹದಿನಾರು ಪುಟಕ್ಕೆ ಒಂದು ಫಾರಂ ಎಂಬ ಅಚ್ಚುಮನೆಯ ಲೆಕ್ಕದಲ್ಲಿ ನಾಲ್ಕು ಫಾರಂನಷ್ಟು ಗಾತ್ರ, ಬೈಂಡಿಂಗಿನ ಗೊಡವೆಯಿಲ್ಲ, ಬೆಲೆ ಒಂದು ಊಟಕ್ಕಿಂತ ಕಡಿಮೆ, ಒಬ್ಬರ ಬಳಿ ಪ್ರತಿ ಮುಗಿದರೆ ಇನ್ನೊಬ್ಬರು ಅಚ್ಚು ಹಾಕಬಹುದು. ಪ್ರಚಾರೋಪನ್ಯಾಸದ ಹೊತ್ತಗೆಗಳ ತಂತ್ರವೇ ಇದು. ಆದರೆ ಅಷ್ಟು ಹೆಸರಿರುವ ಲೇಖಕರ ಉದಾಹರಣೆಯನ್ನು ಮೊದಲ ಸಂಕಲನದ ಹುಡುಗಿಗೆ ಹೇಳಿ ಧೈರ್ಯ ತುಂಬುವುದು ಅವಳಿಗೆ ಮಾಡುವ ಮೋಸ. ಅವಳ ಹೆಸರು ಕೇಳಿಕೊಂಡು ಅಂಗಡಿಗೆ ಯಾರೂ ಬರುವುದಿಲ್ಲ. ಮತ್ತೇನನ್ನೋ ಹುಡುಕುತ್ತ ಬಂದವರ ಕಣ್ಣಿಗೆ ಅವಳ ಪುಸ್ತಕ ಬೀಳಬೇಕು. ಕಣ್ಣಿಗೆ ಬೀಳುವ ಆ ಆಕಸ್ಮಿಕವನ್ನು ಸಣ್ಣ ಅಂಗಡಿಯಷ್ಟು ಚೆನ್ನಾಗಿ ಇನ್ನಾವ ವ್ಯವಸ್ಥೆಯೂ ಒದಗಿಸಿಲ್ಲ.

ಕಾನೂನಿನಲ್ಲಿ ಆದ ಬದಲಾವಣೆಯೊಂದು ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆ, ಕರಪತ್ರದ ಗಾತ್ರದ ಹೊತ್ತಗೆಯೂ ಸೇರಿ ಎಲ್ಲದರ ಮೇಲೂ ಮುದ್ರಕರ ಹೆಸರು, ಮುದ್ರಣದ ಊರು ಇರಬೇಕೆಂದು ವಿಧಿಸಿತ್ತು. ‘ಖಾಸಗಿ ಪ್ರಸಾರಕ್ಕಾಗಿ ಮಾತ್ರ’ ಎಂಬ ಸಾಲನ್ನು ರಕ್ಷಾಪುಟದ ಮೂಲೆಯಲ್ಲಿ ತಾಯಿತದಂತೆ ಕಟ್ಟಿಕೊಳ್ಳುವ ಅಭ್ಯಾಸ ಆ ಕಾಲದ್ದು. ಅದರ ಜಾಗದಲ್ಲಿ ಬಂದ 2023ರ ಕಾಯಿದೆ 2024ರ ಮಾರ್ಚ್ 1ರಂದು ಜಾರಿಯಾಯಿತು. ಅದು ನಿಯತಕಾಲಿಕಗಳಿಗೆ ಮಾತ್ರ ಸಂಬಂಧಿಸಿದ್ದು. ಪುಸ್ತಕಗಳು ಅದರ ವ್ಯಾಪ್ತಿಯಿಂದ ಹೊರಬಂದವು. ಪ್ರಕಟಣೆಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಮಾತ್ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮಿನಲ್ಲಿ ರಾಜ್ಯ ಸರ್ಕಾರದ ಕೈಯಲ್ಲಿ ಹಾಗೆಯೇ ಇದೆ. ವಸಾಹತು ಕಾಲದ ಕಾಯಿದೆಗೆ ಕಣ್ಣೀರು ಹಾಕಬೇಕಾಗಿಲ್ಲ. ಆದರೂ ಒಂದು ವಿಪರ್ಯಾಸವಿದೆ. ಅಂದು ಅನುಮಾನದಿಂದ ಸರ್ಕಾರ ಸಂಗ್ರಹಿಸಿಟ್ಟ ಪ್ರತಿಗಳಿಂದಲೇ ಇಂದಿನ ಸಂಶೋಧಕರು ಹತ್ತೊಂಬತ್ತನೆಯ ಶತಮಾನದ ಅಚ್ಚಿನ ಚರಿತ್ರೆ ಬರೆಯುತ್ತಿದ್ದಾರೆ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ಗೊತ್ತಾದ ಗ್ರಂಥಾಲಯಗಳಿಗೆ ಪ್ರತಿ ಕಳುಹಿಸಬೇಕೆಂಬ 1954ರ ಕಾಯಿದೆ ಇನ್ನೂ ಇದ್ದರೂ, ಐವತ್ತು ಪ್ರತಿ ಅಚ್ಚು ಹಾಕಿಸುವವರು ಅದನ್ನು ಪಾಲಿಸುವುದನ್ನು ನಾನು ಕಂಡಿಲ್ಲ.

ಈ ಪುಸ್ತಿಕೆಗಳೆಲ್ಲ ಅಪೂರ್ವ ರತ್ನಗಳೆಂದು ನಾನು ಹೇಳುತ್ತಿಲ್ಲ. ಬಹಳಷ್ಟರಲ್ಲಿ ಕರಡು ತಿದ್ದಿದ ಗುರುತೇ ಇಲ್ಲ, ಅಲ್ಪಪ್ರಾಣ ಮಹಾಪ್ರಾಣಗಳು ಕೈಕೈ ಹಿಡಿದು ಅಲೆಯುತ್ತವೆ, ಕೋಪವೇ ಕಾವ್ಯವೆಂಬ ಭ್ರಮೆ ಹಲವರಿಗಿದೆ. ಆದರೆ ಗ್ರಂಥಾಲಯ ಇಲಾಖೆಗೆ ಹೋಗುವ ದಪ್ಪ ಪುಸ್ತಕಗಳ ಸರಾಸರಿ ಗುಣಮಟ್ಟ ಇದಕ್ಕಿಂತ ಮೇಲೆಂದು ಪ್ರಮಾಣ ಮಾಡಲಾರೆ. ನಗರದ ಅಂಚಿನ ಬಡಾವಣೆಗಳ ಬದುಕು, ಗಾರ್ಮೆಂಟ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಬಸ್ ಪ್ರಯಾಣ, ಪಿಎಚ್‌.ಡಿ. ವಿದ್ಯಾರ್ಥಿಯ ವೇತನ ತಿಂಗಳುಗಟ್ಟಲೆ ಬಾರದ ಕಷ್ಟ, ಇವು ಮೈಸೂರಿನ ಅಚ್ಚಿನಲ್ಲಿ ನನಗೆ ಮೊದಲು ಸಿಕ್ಕಿದ್ದು ಪಿನ್ನು ಹೊಡೆದ ಹಾಳೆಗಳಲ್ಲಿ. ವಿಶ್ವವಿದ್ಯಾನಿಲಯದ ಗ್ರಂಥಾಲಯ ತಿಂಗಳಿಗೊಮ್ಮೆ ಒಬ್ಬ ಸಿಬ್ಬಂದಿಯನ್ನು ನಗರದ ನಾಲ್ಕೈದು ಸಣ್ಣ ಅಂಗಡಿಗಳಿಗೆ ಕಳುಹಿಸಿ, ಇಂಥ ಪುಸ್ತಿಕೆಗಳ ಎರಡೆರಡು ಪ್ರತಿಗಳನ್ನು ಮುಖಬೆಲೆಗೆ ಕೊಂಡರೆ ಅದರ ವಾರ್ಷಿಕ ಖರ್ಚು ಒಂದು ವಿಚಾರಸಂಕಿರಣದ ಶಾಲು, ಹಾರ, ಊಟದ ಖರ್ಚನ್ನು ಮೀರಲಾರದು. ಅಂಗಡಿಗೆ ಸ್ವಲ್ಪ ದುಡ್ಡು, ಬರೆದವರಿಗೆ ಒಂದು ವಿಳಾಸ, ಮುಂದಿನವರಿಗೆ ಒಂದು ದಾಖಲೆ.

ಕಳೆದ ವಾರ ಆ ಅಂಗಡಿಗೆ ಹೋಗಿದ್ದಾಗ ನೋಟ್‌ಬುಕ್ಕಿನ ಬಗ್ಗೆ ಕೇಳಿದೆ. “ಇದು ಎರಡನೇದು ಸಾರ್,” ಎಂದರು ಮಾಲೀಕರು. ಮೊದಲನೆಯದು ಎಲ್ಲಿ ಎಂದೆ. ಹನ್ನೆರಡು ವರ್ಷದ ಲೆಕ್ಕವಿದ್ದ ಅದನ್ನು ಕಳೆದ ದೀಪಾವಳಿಯಲ್ಲಿ ಅಂಗಡಿ ತೊಳೆಯುವಾಗ, ಹಳೆಯ ಪದವಿ ಪಠ್ಯಗಳ ಕಟ್ಟಿನ ಜೊತೆಗೆ ರದ್ದಿಯವನಿಗೆ ಹಾಕಿದರಂತೆ.